ಹಣ್ಣಿನ ಕೇಕಿನ ಲೆಕ್ಕ

ತಾಯಿಯ ಕೈರುಚಿಯ ಬಗ್ಗೆ ಬರೆಯದ ಲೇಖಕರು ನಮ್ಮಲ್ಲಿ ಕಡಿಮೆ. ಊರು ಬಿಟ್ಟು ಹೋಗಿ, ಹೋಟೆಲಿನ ಊಟ ಬೇಸರವಾದ ಮೇಲೆ ಅಮ್ಮನ ಸಾರು, ಅಜ್ಜಿಯ ಚಕ್ಕುಲಿ ನೆನಪಾಗುತ್ತವೆ. ಕಣ್ಣು ತೇವವಾಗುತ್ತದೆ, ಒಂದು ಪ್ರಬಂಧ ಸಿದ್ಧವಾಗುತ್ತದೆ. ಓದಲು ಹಿತವಾಗಿಯೇ ಇರುತ್ತದೆ. ಆದರೆ ಓದಿ ಮುಗಿಸಿದಾಗ ನನಗೆ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಅಷ್ಟು ಚಕ್ಕುಲಿಗೆ ಅಕ್ಕಿ ಬೀಸಿದವರು ಯಾರು? ಎಣ್ಣೆಗೆ ದುಡ್ಡು ಎಲ್ಲಿಂದ ಬಂತು? ಅಜ್ಜಿ ಒಲೆಯ ಮುಂದೆ ಎಷ್ಟು ಹೊತ್ತು ಕೂತಿದ್ದಳು? 'ಕೈಗುಣ' ಎಂಬ ಒಂದೇ ಮಾತಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ.

ಇಂಥ ಪ್ರಶ್ನೆಗಳನ್ನು ಮುಚ್ಚದೆ ಬರೆದ ಒಂದು ಕಥೆ ಅಮೆರಿಕದ ಟ್ರೂಮನ್ ಕಪೋಟಿಯ 'ಎ ಕ್ರಿಸ್‌ಮಸ್ ಮೆಮೊರಿ'. 1956ರಲ್ಲಿ ಒಂದು ಮಹಿಳಾ ಪತ್ರಿಕೆಯಲ್ಲಿ ಪ್ರಕಟವಾದ ಇದು ಕಥೆಯೆಂದರೂ ಲೇಖಕನ ಬಾಲ್ಯದ ನೆನಪೇ. ತಂದೆತಾಯಿಯಿಂದ ದೂರವಾದ ಕಪೋಟಿ ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರಿನಲ್ಲಿ, ತಾಯಿಯ ಕಡೆಯ ನೆಂಟರ ಮನೆಯಲ್ಲಿ ಕೆಲವು ವರ್ಷ ಬೆಳೆದವನು. ಕಥೆಯಲ್ಲಿ ಏಳು ವರ್ಷದ ಒಬ್ಬ ಹುಡುಗ, ಅರವತ್ತು ದಾಟಿದ ಅವನ ದೂರದ ಸಂಬಂಧಿ ಒಬ್ಬಾಕೆ, ಒಂದು ನಾಯಿ. ಚಳಿ ಕಾಲಿಟ್ಟ ಕೂಡಲೆ ಅವರಿಗೆ ಹಣ್ಣಿನ ಕೇಕು ಸುಡುವ ಸಡಗರ. ಕಥೆ ಅಷ್ಟೆ.

ಆದರೆ ಕಪೋಟಿ ಲೆಕ್ಕ ಬಿಡುವವನಲ್ಲ. ಪೀಕನ್ ಎಂಬ, ಅಕ್ರೋಟಿನ ಜಾತಿಯ ಕಾಯಿ ಎಲ್ಲಿಂದ ಬಂತು? ತೋಟದ ಮಾಲೀಕರು ಮರ ಅಲುಗಿಸಿ ಫಸಲು ಮಾರಿಕೊಂಡ ಮೇಲೆ ಹುಲ್ಲಿನಲ್ಲಿ ಉಳಿದದ್ದನ್ನು ಇವರಿಬ್ಬರೂ ಬಗ್ಗಿ ಬಗ್ಗಿ ಆಯುತ್ತಾರೆ. ನಮ್ಮ ಹೊಲಗಳಲ್ಲಿ ಬಡವರು ಹಕ್ಕಲು ಆಯುವ ಹಾಗೆ. ಹೊತ್ತು ತರುವುದು ಹಳೆಯ, ಚಕ್ರ ಸಡಿಲವಾದ ಕೂಸಿನ ಗಾಡಿಯಲ್ಲಿ. ದುಡ್ಡು? ಜಾಮ್ ಮಾಡಿ ಮಾರಿ, ಮದುವೆಗೂ ಸಾವಿಗೂ ಹೂ ಒದಗಿಸಿ, ಮನೆಯವರಿಗಾಗಿ 25 ನೊಣ ಹೊಡೆದರೆ ಒಂದು ಸೆಂಟಿನಂತೆ ಸಂಪಾದಿಸಿ ಕೂಡಿಟ್ಟದ್ದು. ಮಂಚದ ಕೆಳಗಿನ ಹಲಗೆಯ ಅಡಿಯಲ್ಲಿ ಬಚ್ಚಿಟ್ಟ ಚೀಲ ಬಿಚ್ಚಿ ಎಣಿಸಿದರೆ ಒಬ್ಬರ ಲೆಕ್ಕಕ್ಕೆ 12 ಡಾಲರ್ 73 ಸೆಂಟ್, ಇನ್ನೊಬ್ಬರ ಲೆಕ್ಕಕ್ಕೆ 13 ಡಾಲರ್. ಹದಿಮೂರು ಅಪಶಕುನವೆಂದು ಆಕೆ ಒಂದು ಸೆಂಟನ್ನು ಕಿಟಕಿಯಾಚೆ ಎಸೆಯುತ್ತಾಳೆ. ನಾಲ್ಕು ದಿನ ಒಲೆ ಉರಿದು 31 ಕೇಕು ಆಗುತ್ತದೆ. ಅವನ್ನು ಅಂಚೆಗೆ ಹಾಕುವ ಹೊತ್ತಿಗೆ ಚೀಲ ಬರಿದು.

ಈ ಅಂಕಿಗಳನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದು ಬರೀ ಸಿಹಿ. ಅವು ಇರುವುದರಿಂದಲೇ ಆಕೆಯ ಬಾಳು ನಮ್ಮ ಕಣ್ಣಿಗೆ ಬೀಳುತ್ತದೆ. ಆ ಮನೆಯಲ್ಲಿ ಬೇರೆ ನೆಂಟರೂ ಇದ್ದಾರೆ, ಅಧಿಕಾರ ಅವರದು, ಇವರಿಬ್ಬರನ್ನು ಅಳಿಸುವವರೂ ಅವರೇ. ಅಂಥವಳು ಕೇಕು ಸುಡುವುದು ಆ ಮನೆಯವರಿಗಲ್ಲ. ಅಧ್ಯಕ್ಷ ರೂಸ್‌ವೆಲ್ಟ್, ಬೋರ್ನಿಯೋದ ಪಾದ್ರಿ ದಂಪತಿ, ವರ್ಷಕ್ಕೆರಡು ಸಲ ಬರುವ ಸಾಣೆ ಹಿಡಿಯುವವನು, ಬಸ್ಸಿನ ಚಾಲಕ, ಇಂಥವರಿಗೆ. ಮಂಗಳೂರಿನ ಕಡೆ ಕ್ರಿಸ್ತರ ಮನೆಗಳಿಂದ ಕುಸ್ವಾರಿನ ತಟ್ಟೆ ಅಕ್ಕಪಕ್ಕದವರಿಗೆಲ್ಲ ಹೋಗುತ್ತದಲ್ಲ, ಅದು ಮನೆತನದ ಮರ್ಯಾದೆ. ಇಲ್ಲಿ ಮನೆತನದಲ್ಲಿ ಎಣಿಕೆಗೇ ಬಾರದವಳು ತನ್ನದೇ ಒಂದು ಬಳಗ ಕಟ್ಟಿಕೊಳ್ಳುತ್ತಾಳೆ. ಕೇಕು ಅವಳ ವಿಳಾಸ.

ಈ ಮಾತು ನಮಗೆ ದೂರದ್ದೇನೂ ಅಲ್ಲ. ಅಣ್ಣತಮ್ಮಂದಿರ ಮನೆಯಲ್ಲಿ ಉಳಿದುಹೋದ ಸೋದರತ್ತೆಯರನ್ನು ನಾವೆಲ್ಲ ಕಂಡವರೇ. ನಮ್ಮ ಮನೆಯಲ್ಲೂ ಅಂಥ ಒಬ್ಬ ಅತ್ತೆ ಇದ್ದರು. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಹಿಟ್ಟು ಹುರಿಯಲು, ಕೋಡುಬಳೆ ಹೊಸೆಯಲು, ಬೆಲ್ಲದ ಪಾಕ ನೋಡಲು ಅವರೇ ಬೇಕು. ಹಬ್ಬದ ದಿನ ಆರತಿಯ ಹೊತ್ತಿಗೆ ಎದುರಿಗೆ ಬರಬಾರದು. ಡಬ್ಬಿಗಳನ್ನು ತುಂಬಿಟ್ಟು ಅವರು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದರು. ಅವರ ಕೋಡುಬಳೆಯನ್ನು ಹೊಗಳದ ನೆಂಟರಿಲ್ಲ. ಅವರ ಸೆರಗಿನ ಗಂಟಿನಲ್ಲಿ ಎಷ್ಟು ಕಾಸಿದೆ ಎಂದು ಕೇಳಿದವರೂ ಇಲ್ಲ.

ಕಪೋಟಿಯ ಕಥೆಯ ಬಗ್ಗೆ ನನಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಆಕೆಗೆ ಕಥೆಯುದ್ದಕ್ಕೂ ಹೆಸರಿಲ್ಲ. ಹುಡುಗ ಅವಳನ್ನು ಗೆಳತಿ ಎಂದಷ್ಟೇ ಹೇಳುತ್ತಾನೆ. ಏಳು ವರ್ಷದ ಹುಡುಗ ಮುದುಕಿಯೊಬ್ಬಳನ್ನು ಗೆಳತಿಯೆನ್ನುವುದು ದೊಡ್ಡ ಗೌರವ, ನಿಜ. ಆದರೂ ನಾಯಿಗೆ ಹೆಸರಿರುವ ಕಥೆಯಲ್ಲಿ ಅವಳಿಗೂ ಒಂದು ಇರಬಹುದಿತ್ತು. ಎರಡನೆಯದು ಕೊನೆಯ ಭಾಗ. ಮನೆಯವರು ಹುಡುಗನನ್ನು ಸೈನಿಕ ಶಾಲೆಗೆ ಕಳಿಸುತ್ತಾರೆ. ಅಲ್ಲಿಂದಾಚೆ ಕಥೆ ಅವನ ಜೊತೆ ಹೊರಟುಹೋಗುತ್ತದೆ. ಆಕೆ ಒಬ್ಬಳೇ ಕೇಕು ಸುಟ್ಟ ವರ್ಷಗಳಿಗೆ ಸಿಗುವುದು ಕೆಲವೇ ವಾಕ್ಯ. ಆ ವರ್ಷಗಳಲ್ಲಿ ಕಾಯಿ ಆಯಲು ಜೊತೆಗೆ ಯಾರು ಬಗ್ಗಿದರು? ಅಷ್ಟು ಹೊತ್ತು ಲೆಕ್ಕ ಬರೆದವನು ಇಲ್ಲಿ ಪುಸ್ತಕ ಮಡಚಿಬಿಟ್ಟ. ಆದರೂ ಒಂದು ವಿವರ ಮಾತ್ರ ಬಿಟ್ಟಿಲ್ಲ. ಆಕೆ ಪ್ರತಿ ಕಾಗದದಲ್ಲೂ ಹತ್ತು ಸೆಂಟಿನ ನಾಣ್ಯ ಸುತ್ತಿಟ್ಟು, ಸಿನಿಮಾ ನೋಡಿ ಅದರ ಕಥೆ ಬರೆದು ಕಳಿಸಲು ಹೇಳುತ್ತಾಳೆ. ತಾನು ಒಂದು ಸಿನಿಮಾ ಕೂಡ ನೋಡಿದವಳಲ್ಲ.

ಆಕೆಯ ಹೆಸರು ಸೂಕ್ ಫಾಕ್. ಕಪೋಟಿಯ ಚಿಕ್ಕಮ್ಮ ಮೇರಿ ರುಡಿಸಿಲ್ 1989ರಲ್ಲಿ ಸೂಕ್‌ಳ ಹೆಸರಿನಲ್ಲೇ ಒಂದು ಅಡಿಗೆ ಪುಸ್ತಕ ಹೊರತಂದರು. ಕಥೆಯಲ್ಲಿ ಕೇಕಿಗೆ ಬೀಳುವ ಸಾಮಾನಿನ ಹೆಸರುಗಳಿವೆ, ಅಳತೆಗಳಿಲ್ಲ. ಅದು ಕಥೆಯ ದೋಷವಲ್ಲ. ಅಳತೆ ಹೇಳುವುದು ಅಡಿಗೆ ಪುಸ್ತಕದ ಕೆಲಸ. ಆದರೆ ಆ ಅಳತೆಗಳು ಉಳಿಯಲು ಇನ್ನೊಬ್ಬ ಹೆಂಗಸೇ ಬರಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ಈಗ ನಮ್ಮ ಊರುಗಳಲ್ಲೂ ಮನೆಮನೆಗೆ ಓವನ್ ಬರುತ್ತಿದೆ. ಅದಿಲ್ಲದವರು ಕುಕ್ಕರಿನಲ್ಲಿ ಮರಳು ಹಾಸಿ ಕೇಕು ಮಾಡಿದ್ದುಂಟು. ಅದಕ್ಕೂ ಮೊದಲು ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿದವರುಂಟು. ಯಾವ ಒಲೆಯಾದರೂ ಬೆಂಕಿಯ ಹದ ಕಲಿಯಲು ಕೆಲವು ಕೇಕು ಕರಕಾಗಲೇಬೇಕು. ಹಾಗೆ ಕಲಿತದ್ದಕ್ಕೆ ಹೆಸರು ವಿದ್ಯೆ, ಕೈಗುಣವಲ್ಲ. ಅಡಿಗೆಯನ್ನು ಬರೆದಿಡುವ ನೋಟುಬುಕ್ಕು ನಮ್ಮ ಬಹಳ ಜನರ ಮನೆಯಲ್ಲಿದೆ. ಅದರಲ್ಲಿ ಮೈದಾ ಇಷ್ಟು, ಬೆಣ್ಣೆ ಇಷ್ಟು ಎಂದು ಬರೆಯುವಾಗ, ಇದನ್ನು ಯಾರಿಂದ ಕಲಿತದ್ದು, ಅವರು ಯಾರ ಮನೆಯಲ್ಲಿ ಯಾವ ಸ್ಥಿತಿಯಲ್ಲಿದ್ದರು, ಆಗ ಬೆಣ್ಣೆಗೆ ಕ್ರಯ ಎಷ್ಟಿತ್ತು ಎಂದು ಎರಡು ಸಾಲು ಸೇರಿಸಿದರೆ ಸಾಕು. ಸೋದರತ್ತೆಯ ಹೆಸರು ಮೊಮ್ಮಕ್ಕಳಿಗೂ ತಿಳಿಯುತ್ತದೆ.