ಶಿಕ್ಷಕ ಶಿಕ್ಷಣದಲ್ಲಿ ಜಾಗತಿಕ ದೃಷ್ಟಿ : ಒಂದು ವಿಮರ್ಶೆ

ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿರುವ ಮಾತೆಂದರೆ ‘ಜಾಗತಿಕ ದೃಷ್ಟಿ’. ಮಾತು ಹೊಸದೇನಲ್ಲ. ಅಂತರರಾಷ್ಟ್ರೀಯ ತಿಳಿವಳಿಕೆಗಾಗಿ ಶಿಕ್ಷಣವಿರಬೇಕೆಂಬ ಶಿಫಾರಸನ್ನು ಯುನೆಸ್ಕೋ ಸಂಸ್ಥೆಯು 1974ರಲ್ಲಿಯೇ ಅಂಗೀಕರಿಸಿತ್ತು. 2023ರಲ್ಲಿ ಅದನ್ನು ಪರಿಷ್ಕರಿಸಿ, ಜಾಗತಿಕ ನಾಗರಿಕತ್ವ ಹಾಗೂ ಸುಸ್ಥಿರ ಅಭಿವೃದ್ಧಿಯ ವಿಚಾರಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಜಾಗತಿಕ ನಾಗರಿಕನನ್ನು ರೂಪಿಸುವ ಹಂಬಲವನ್ನು ಪ್ರಕಟಿಸಿದೆ. ಉದ್ದೇಶದ ಔನ್ನತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಈ ದೊಡ್ಡ ಮಾತು ಪ್ಯಾರಿಸಿನಿಂದ ದಿಲ್ಲಿಗೆ, ದಿಲ್ಲಿಯಿಂದ ಧಾರವಾಡಕ್ಕೆ, ಅಲ್ಲಿಂದ ಘಟ್ಟವಿಳಿದು ಕುಮಟಾಕ್ಕೆ ಬಂದು, ಕೊನೆಗೆ ಭಟ್ಕಳ ತಾಲೂಕಿನ ಬೆಳಕೆಯಂಥ ಊರಿನ ತರಗತಿಯನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಉಳಿದಿರುವುದೇನು? ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ ಶಿಕ್ಷಕ ವೃತ್ತಿಯನ್ನು ಹಿಡಿದ ಅನೇಕರು ಈ ಪತ್ರಿಕೆಯ ಓದುಗರಾಗಿರುವುದರಿಂದ, ಈ ಪ್ರಶ್ನೆಯನ್ನು ಅವರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಜಗತ್ತು ನಮ್ಮ ಶಿಕ್ಷಕ ಶಿಕ್ಷಣದೊಳಕ್ಕೆ ಇನ್ನು ಮೇಲೆ ಬರಬೇಕಾಗಿದೆ ಎಂಬ ಗ್ರಹಿಕೆಯೇ ಮೊದಲನೆಯ ತಪ್ಪು. ಅದು ಬಂದು ಬಹುಕಾಲವಾಯಿತು. ಬಿ.ಎಡ್. ಪ್ರಶಿಕ್ಷಣಾರ್ಥಿಗಳು ತಲೆಮಾರುಗಳಿಂದ ರಾತ್ರಿಯೆಲ್ಲ ಕುಳಿತು ಬರೆದ ಪಾಠಟಿಪ್ಪಣಿಯನ್ನೇ ನೋಡಿ. ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಅದರ ಐದು ಸೋಪಾನಗಳು ಜರ್ಮನಿಯ ದಾರ್ಶನಿಕ ಹರ್ಬಾರ್ಟನ (1776–1841) ಹೆಸರಿನವು. ಅವನು ಹೇಳಿದ್ದು ನಾಲ್ಕು. ಅವುಗಳನ್ನು ಐದಾಗಿಸಿ ಕಟ್ಟುನಿಟ್ಟಿನ ಕ್ರಮವನ್ನಾಗಿಸಿದವರು ಅವನ ಅನುಯಾಯಿಗಳು. ಬೋಧನೋದ್ದೇಶಗಳ ವರ್ಗೀಕರಣವು ಷಿಕಾಗೋದ ಬ್ಲೂಮ್‌ನ 1956ರ ಗ್ರಂಥದಿಂದ ಬಂದುದು. ಸೂಕ್ಷ್ಮಬೋಧನೆಯು 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದುದು. ಇಂದಿನ ‘ಐದು ಇ’ಗಳ ಪಾಠಯೋಜನೆಯೂ ಅಮೆರಿಕದ ವಿಜ್ಞಾನಪಠ್ಯ ಸಂಸ್ಥೆಯೊಂದು 1980ರ ದಶಕದಲ್ಲಿ ರೂಪಿಸಿದುದೇ. ಪಿಯಾಜೆ ಸ್ವಿಟ್ಜರ್ಲೆಂಡಿನವನು, ವೈಗಾಟ್‌ಸ್ಕಿ ರಷ್ಯದವನು, ಡ್ಯೂಯಿ ಅಮೆರಿಕದವನು. ಹೀಗೆ ನಮ್ಮ ಪ್ರಶಿಕ್ಷಣಾರ್ಥಿಯ ಕೈಯಲ್ಲಿ ಜಗತ್ತಿನ ಸಾಮಗ್ರಿ ಬೇಕಾದಷ್ಟಿದೆ, ಕೊರತೆಯಾಗಿರುವುದು ದೃಷ್ಟಿಯದು.

ಏಕೆಂದರೆ ಬಂದ ವಸ್ತು ಎಲ್ಲಿಯದು, ಅಲ್ಲಿ ಯಾವ ಅಗತ್ಯಕ್ಕಾಗಿ ಹುಟ್ಟಿತು, ಅದನ್ನು ಅಲ್ಲಿಯವರೇ ಏಕೆ ಟೀಕಿಸಿದರು ಎಂಬುದನ್ನು ನಾವು ಕೇಳಲಿಲ್ಲ. ಹರ್ಬಾರ್ಟನಿಗೆ ಶಿಕ್ಷಣದ ಪರಮಗುರಿ ಶೀಲನಿರ್ಮಾಣವಾಗಿತ್ತು. ನಾವು ಆ ಗುರಿಯನ್ನು ಬಿಟ್ಟು ಪಟ್ಟಿಯ ಗೆರೆಗಳನ್ನು ಉಳಿಸಿಕೊಂಡೆವು. ಬೀಜವನ್ನು ಚೆಲ್ಲಿ ಚೀಲವನ್ನು ಜೋಪಾನ ಮಾಡಿದಂತಾಯಿತು.

ನಮ್ಮ ನಾಡಿನದೇ ಇನ್ನೊಂದು ನಿದರ್ಶನವಿದೆ. 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಆರಂಭವಾಯಿತು. ಆಗ ದೇಶದಲ್ಲಿ ಸ್ಥಾಪಿತವಾದ ಇಂಥ 4 ಮಹಾವಿದ್ಯಾಲಯಗಳಿಗೆ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ನೆರವಿತ್ತು. ಬಹೂದ್ದೇಶ ಪ್ರೌಢಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಗೊಳಿಸುವುದು ಅವುಗಳ ಮೊದಲ ಗುರಿ. ಬಹೂದ್ದೇಶ ಶಾಲೆಗಳ ಯೋಜನೆ ಕೆಲವೇ ವರುಷಗಳಲ್ಲಿ ಸೊರಗಿಹೋಯಿತು. ಆದರೆ ವಿಷಯಜ್ಞಾನವನ್ನೂ ಬೋಧನ ವಿಧಾನವನ್ನೂ ಒಟ್ಟಿಗೆ ಕಲಿಸುವ 4 ವರ್ಷಗಳ ಸಂಯುಕ್ತ ಪದವಿಯು ಮೈಸೂರಿನಲ್ಲಿ ಬೇರುಬಿಟ್ಟಿತು. ಆವರಣದಲ್ಲಿಯೇ ಒಂದು ಪ್ರಾತ್ಯಕ್ಷಿಕ ಶಾಲೆಯಿದ್ದುದೂ ಅದಕ್ಕೆ ನೀರೆರೆದಿರಬೇಕು. ಅರ್ಧ ಶತಮಾನದ ನಂತರ 2020ರ ನೀತಿಯು 4 ವರ್ಷಗಳ ಸಂಯುಕ್ತ ಪದವಿಯನ್ನು ಇಡೀ ದೇಶಕ್ಕೆ ವಿಧಿಸಿದಾಗ, ಮೈಸೂರಿನ ಈ ದೀರ್ಘ ಅನುಭವದಿಂದ ಕಲಿತ ಪಾಠಗಳ ಚರ್ಚೆ ನಡೆಯಬೇಕಾದಷ್ಟು ನಡೆಯಲಿಲ್ಲ. ಹೊರಗಿನದನ್ನು ತರುವ ಉತ್ಸಾಹ ನಮ್ಮಲ್ಲಿದೆ. ತಂದುದನ್ನು ಪರೀಕ್ಷಿಸುವ ತಾಳ್ಮೆಯಿಲ್ಲ.

1964–66ರ ಕೊಠಾರಿ ಆಯೋಗವು ಈ ರೋಗದ ಮೂಲವನ್ನು ಗುರುತಿಸಿತ್ತು. ಇಂಗ್ಲೆಂಡ್, ಅಮೆರಿಕ, ರಷ್ಯ, ಫ್ರಾನ್ಸ್, ಜಪಾನ್‌ಗಳ ವಿದ್ವಾಂಸರೂ ಸದಸ್ಯರಾಗಿದ್ದ ಆ ಆಯೋಗ, ಶಿಕ್ಷಕ ಶಿಕ್ಷಣವನ್ನು ಕುರಿತು ಮೊದಲು ಎತ್ತಿದ ಆಕ್ಷೇಪವೆಂದರೆ ಅದರ ಒಂಟಿತನ. ವಿಶ್ವವಿದ್ಯಾಲಯದ ಜ್ಞಾನಜೀವನದಿಂದ ಅದು ದೂರ, ಶಾಲೆಗಳಿಂದ ದೂರ, ತನ್ನಂಥ ಇತರ ಸಂಸ್ಥೆಗಳಿಂದಲೂ ದೂರ. ಪಕ್ಕದ ಇತಿಹಾಸ ವಿಭಾಗದೊಡನೆ ಮಾತಿಲ್ಲದ ಶಿಕ್ಷಣ ವಿಭಾಗವು ಫಿನ್ಲೆಂಡಿನೊಡನೆ ಮಾತನಾಡಹೊರಟರೆ ಅದು ಎಷ್ಟು ಗಟ್ಟಿಯಾದ ಮಾತಾದೀತು?

ಹಾಗಾದರೆ ಜಾಗತಿಕ ದೃಷ್ಟಿಯೆಂದರೇನು? ನಿಂತ ನೆಲದಿಂದಲೇ ಜಗತ್ತನ್ನು ಕಾಣಬಲ್ಲ ಶಕ್ತಿಯೆಂದು ನಾನು ತಿಳಿದಿದ್ದೇನೆ. ಕುಮಟಾದಲ್ಲಿ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯವಿದೆ. ಅಲ್ಲಿಯೋ ಅಂಥ ಇನ್ನೊಂದು ವಿದ್ಯಾಲಯದಲ್ಲಿಯೋ ಕಲಿಯುವ ಪ್ರಶಿಕ್ಷಣಾರ್ಥಿ ಎಂಟನೆಯ ತರಗತಿಗೆ ಇತಿಹಾಸ ಬೋಧಿಸಬೇಕಾಗಿದೆ ಎನ್ನೋಣ. ಅಮೆರಿಕದ ಅಂತರ್ಯುದ್ಧವನ್ನು (1861–65) ಅವನು ಇಸವಿಗಳ ಪಟ್ಟಿಯಾಗಿ ಒಪ್ಪಿಸಬಹುದು. ಅಥವಾ ‘ಕುಮಟಾ ಹತ್ತಿ’ ಎಂಬ ಎರಡು ಶಬ್ದಗಳಿಂದ ಪಾಠವನ್ನು ಆರಂಭಿಸಬಹುದು. ಹತ್ತಿ ಬೆಳೆದುದು ಧಾರವಾಡ ಸೀಮೆಯ ಎರೆಭೂಮಿಯಲ್ಲಿ; ಹೆಸರು ಬಂದುದು ಅದನ್ನು ಹಡಗಿಗೇರಿಸಿದ ಕುಮಟಾ ಬಂದರಿನಿಂದ. ಯುದ್ಧದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನವಾದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು; ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆಯೂ ಕುಸಿಯಿತು. ಅಲ್ಲಿಯ ಗುಲಾಮನ ಬೆವರು, ಲ್ಯಾಂಕಷೈರಿನ ಕೂಲಿಯ ಹಸಿವು, ಇಲ್ಲಿಯ ಒಕ್ಕಲಿಗನ ಏಳುಬೀಳು, ಈ ಮೂರೂ ಒಂದೇ ನೂಲಿನಲ್ಲಿ ಹೆಣೆದುಕೊಂಡಿದ್ದವು. ಇದನ್ನು ಕಂಡ ಹುಡುಗನಿಗೆ ಜಾಗತಿಕ ನಾಗರಿಕತ್ವದ ಮೇಲೆ ಬೇರೆ ಅಧ್ಯಾಯ ಬೇಕಾಗದು.

ಈ ಕರಾವಳಿಯಲ್ಲಿ ಇಂಥ ಪಾಠಗಳಿಗೆ ಬರವಿಲ್ಲ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ, ಈ ಊರಿನಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡುದಾಗಿ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ಬರೆದಿಟ್ಟಿದ್ದಾನೆ. ಪರದೇಶದವನು ನಮ್ಮಲ್ಲಿಗೆ ಬಂದು ಶಾಲೆಗಳನ್ನು ಎಣಿಸಿಹೋದ ಈ ಸಂಗತಿ, ಹೊನ್ನಾವರದ ಶಾಲೆಗೆ ಹೋಗುವ ಶಿಕ್ಷಕನಿಗೇ ತಿಳಿಯದಿದ್ದರೆ ಅದು ಯಾರ ಲೋಪ? ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿದುದು ಭಟ್ಕಳದ ಬಂದರಿನಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಕಾಳುಮೆಣಸಿನ ರಾಣಿಯೆಂದು ಕರೆದರು. ಇಂದಿಗೂ ಭಟ್ಕಳದ ಎಷ್ಟೋ ಮನೆಗಳ ಅನ್ನ ಕೊಲ್ಲಿ ದೇಶಗಳ ದುಡಿಮೆಯಿಂದ ಬರುತ್ತದೆ. ತಂದೆ ದುಬೈಯಲ್ಲಿರುವ ಮಗುವಿಗೆ ಶಿಕ್ಷಕನು ನಕಾಶೆಯಲ್ಲಿ ಕೊಲ್ಲಿಯನ್ನು ತೋರಿಸುವಾಗ ಆ ಮಗುವಿನ ಮನೆಯ ಅನುಭವವನ್ನೂ ಕೇಳಬೇಕಲ್ಲವೇ? ಜಗತ್ತು ತರಗತಿಯ ಬೆಂಚಿನ ಮೇಲೆಯೇ ಕುಳಿತಿರುತ್ತದೆ. ಶಿಕ್ಷಕನು ಅದಕ್ಕೆ ಬೆನ್ನು ಹಾಕಿ ಕರಿಹಲಗೆಯ ಮೇಲೆ ‘ಜಾಗತೀಕರಣದ ಲಕ್ಷಣಗಳು’ ಎಂದು ಬರೆಯುತ್ತಿರುತ್ತಾನೆ.

ಇದು ಅಸಾಧ್ಯವಾದ ಆದರ್ಶವೆಂದು ಯಾರೂ ಹೇಳಲಾಗದು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಕರನ್ನು ತಯಾರಿಸಿ, ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದ ಡೆಪ್ಯೂಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನ ಪ್ರಹಸನವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ಕನ್ನಡವನ್ನು ಕಟ್ಟುವುದು, ಜಗತ್ತಿಗೆ ಬಾಗಿಲು ತೆರೆಯುವುದು, ಇವೆರಡೂ ಅವರಿಗೆ ಒಂದೇ ಕಾರ್ಯವಾಗಿದ್ದವು. ಕುಮಟಾ ತಾಲೂಕಿನ ಗೋಕರ್ಣದ ಭದ್ರಕಾಳಿ ಪ್ರೌಢಶಾಲೆಯಲ್ಲಿ ದೀರ್ಘಕಾಲ ಶಿಕ್ಷಕರಾಗಿದ್ದ ಗೌರೀಶ ಕಾಯ್ಕಿಣಿಯವರು (1912–2002) ಒಂದು ಹಳ್ಳಿಯಲ್ಲಿದ್ದುಕೊಂಡೇ ಜಗತ್ತಿನ ಸಾಹಿತ್ಯವನ್ನೂ ವಿಚಾರಗಳನ್ನೂ ಕನ್ನಡದ ಓದುಗರಿಗೆ ಉಣಬಡಿಸಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದ ದಿನಕರ ದೇಸಾಯಿಯವರು ಪಶ್ಚಿಮ ದೇಶಗಳನ್ನು ಕಂಡುಬಂದು ‘ನಾ ಕಂಡ ಪಡುವಣ’ವನ್ನು ಬರೆದರು. ಇವರಾರೂ ಪಠ್ಯಕ್ರಮದ ಒಂದು ಘಟಕದಿಂದ ಈ ದೃಷ್ಟಿಯನ್ನು ಪಡೆದವರಲ್ಲ. ಓದಿನಿಂದ, ಊರಿನ ಮೇಲಣ ಅಕ್ಕರೆಯಿಂದ ಪಡೆದರು.

ಇಲ್ಲಿಯೇ ಭಾಷೆಯ ಪ್ರಶ್ನೆ ಏಳುತ್ತದೆ. ಕನ್ನಡ ಮಾಧ್ಯಮದಲ್ಲಿ ಬಿ.ಎಡ್. ಓದುವ ಹಳ್ಳಿಯ ಹುಡುಗಿಗೆ ಡ್ಯೂಯಿಯ ಪರಿಚಯವಾಗುವುದು ಬಹುಮಟ್ಟಿಗೆ ಗೈಡುಗಳ ನಾಲ್ಕು ಅಂಶಗಳ ಮೂಲಕ. 2015ರಿಂದ ಬಿ.ಎಡ್. 2 ವರ್ಷಗಳದಾದಾಗ ‘ಪಠ್ಯಗಳ ಓದು ಮತ್ತು ಚಿಂತನೆ’ ಎಂಬ ಒಳ್ಳೆಯ ವಿಷಯವೊಂದು ಸೇರಿತು. ಆದರೆ ಓದಲು ಕನ್ನಡದಲ್ಲಿ ಮೂಲಗ್ರಂಥಗಳ ಸಮರ್ಥ ಅನುವಾದಗಳು ಎಷ್ಟಿವೆ? ಇಂಗ್ಲಿಷ್ ಬಲ್ಲವನಿಗೆ ಮಾತ್ರ ದೊರೆಯುವ ಜಗತ್ತು ಅರ್ಧ ಜಗತ್ತು. ಇದರಿಂದ ಕನ್ನಡ ಶಾಲೆಯ ಶಿಕ್ಷಕನು ತಾನೇ ಹಿಂದುಳಿದವನೆಂಬ ಕೀಳರಿಮೆಯನ್ನು ಹೊತ್ತು ತರಗತಿಗೆ ಹೋಗುತ್ತಾನೆ. ಮಕ್ಕಳಿಗೂ ಅದನ್ನೇ ಹಂಚುತ್ತಾನೆ. ಈ ಹಾನಿಯನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ.

ಆದುದರಿಂದ ವಿಶ್ವವಿದ್ಯಾಲಯಗಳು ಮಾಡಬೇಕಾದುದು ಮೂರು ಕಾರ್ಯಗಳು. ಬೋಧನ ವಿಧಾನವನ್ನು ಕಲಿಸುವಾಗ ಅದರ ಹುಟ್ಟು ಮತ್ತು ಟೀಕೆಗಳನ್ನೂ ಕಲಿಸಬೇಕು. ಶಾಲಾ ಅನುಭವಕ್ಕೆಂದು ನಿಯಮವು ವಿಧಿಸಿರುವ 20 ವಾರಗಳಲ್ಲಿ, ಆ ಊರು ಜಗತ್ತಿನೊಡನೆ ಹೊಂದಿರುವ ಸಂಬಂಧವನ್ನು ಹುಡುಕಿ ಅದರ ಮೇಲೆ ಒಂದು ಪಾಠವನ್ನಾದರೂ ಪ್ರತಿ ಪ್ರಶಿಕ್ಷಣಾರ್ಥಿಯು ರಚಿಸುವಂತಾಗಬೇಕು. ಮೂರನೆಯದಾಗಿ, ಶಿಕ್ಷಣಶಾಸ್ತ್ರದ ಮೂಲಕೃತಿಗಳ ಕನ್ನಡ ಅನುವಾದವನ್ನು ವಿಶ್ವವಿದ್ಯಾಲಯಗಳು ತಮ್ಮ ಹೊಣೆಯೆಂದು ಸ್ವೀಕರಿಸಬೇಕು. ಇವುಗಳಿಗೆ ವಿದೇಶ ಪ್ರವಾಸದ ವೆಚ್ಚವಿಲ್ಲ, ಬೇಕಾದುದು ಶ್ರದ್ಧೆ.

ಬೆಳಕೆಯ ತರಗತಿಯಲ್ಲಿ ಕುಳಿತ ಮಗು ನಾಳೆ ಮುಂಬಯಿಗೋ ಮಸ್ಕತಿಗೋ ಹೋಗಬಹುದು. ಊರಲ್ಲಿಯೇ ದೋಣಿ ನಡೆಸಲೂಬಹುದು. ಎಲ್ಲಿದ್ದರೂ ಅದು ತನ್ನ ಊರನ್ನು ಕೀಳೆಂದೂ ಪರರನ್ನು ಅನ್ಯರೆಂದೂ ತಿಳಿಯದಂತೆ ಬೆಳೆಸುವುದು ಶಿಕ್ಷಕನ ಕೈಯಲ್ಲಿದೆ. ಅಂಥ ಶಿಕ್ಷಕನನ್ನು ಸಿದ್ಧಪಡಿಸುವ ವಿದ್ಯಾಲಯವೇ ನಿಜವಾದ ಅರ್ಥದಲ್ಲಿ ವಿಶ್ವದ ವಿದ್ಯಾಲಯ.