ಸಿಡಿಲಿನ ಎಚ್ಚರಿಕೆ ಯಾರಿಗೆ ಮುಟ್ಟಿತು

ಸಿಡಿಲಿನ ಮುನ್ನೆಚ್ಚರಿಕೆಯನ್ನು ಮೊಬೈಲಿಗೆ ಕಳಿಸುವ ಎರಡು ಸರ್ಕಾರಿ ಆ್ಯಪ್‌ಗಳು ಕರ್ನಾಟಕದ ರೈತರಿಗೆ ಸಿಗುತ್ತವೆ. ಒಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’. ಇನ್ನೊಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’. ಫೋನ್ ಇರುವ ಜಾಗದಿಂದ 20 ಮತ್ತು 40 ಕಿ.ಮೀ. ಒಳಗೆ ಮಿಂಚು ಕಂಡರೆ ದಾಮಿನಿ ಸೂಚನೆ ಕೊಡುತ್ತದೆ. ಜೇವರ್ಗಿ ಭಾಗದ ಇಜೇರಿಯಂಥ ಊರಿಗೆ ಇಂಥ ಸೂಚನೆಯ ಅಗತ್ಯ ದೊಡ್ಡದು. ಸುತ್ತ ಬಯಲು, ಎರೆಹೊಲ, ತೊಗರಿ. ಮರಗಳು ಅಲ್ಲೊಂದು ಇಲ್ಲೊಂದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಗುಡುಗು ಶುರುವಾದಾಗ ಹೊಲದವರೂ ಕುರಿ ಕಾಯುವವರೂ ಆಸರೆಗೆ ಓಡುವುದು ಅದೇ ಒಂಟಿ ಬೇವಿನ ಗಿಡದ ಬುಡಕ್ಕೆ. ಸಿಡಿಲು ಎರಗುವುದೂ ಹೆಚ್ಚಾಗಿ ಅಂಥ ಕಡೆಗೇ.

ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಆ್ಯಪನ್ನಲ್ಲ, ಸರ್ವರಿನಿಂದ ಫೋನಿಗೆ ಎಚ್ಚರಿಕೆ ಕಳಿಸುವ ಪದ್ಧತಿಯನ್ನು. ಕಳಿಸುವ ಕೆಲಸ ಇಂದು ಬಹಳ ಸುಲಭವಾಗಿದೆ. ಕಳಿಸಿದ್ದು ಮುಟ್ಟಿತೇ ಎಂದು ತಿಳಿಯುವ ಕೆಲಸ ಅಷ್ಟು ಬೆಳೆದಿಲ್ಲ. ಜೀವ ಉಳಿಸುವ ಸೂಚನೆಯ ವಿಷಯದಲ್ಲಿ ಈ ಕೊರತೆಯನ್ನು ಚಿಕ್ಕದೆಂದು ಬಿಡಲಾಗದು.

ಸರ್ವರ್ ಯಾವ ಫೋನನ್ನೂ ನೇರವಾಗಿ ಮಾತಾಡಿಸುವುದಿಲ್ಲ. ನಡುವೆ ಗೂಗಲ್ ಅಥವಾ ಆಪಲ್ ಕಂಪನಿಯ ರವಾನೆ ಸೇವೆ ಇರುತ್ತದೆ. ಆಪಲ್ ಈ ಸೇವೆಯನ್ನು 2009ರಲ್ಲಿ ತೆರೆಯಿತು. ಗೂಗಲ್‌ನದು 2010ರಲ್ಲಿ ಬಂದು, ಎರಡು ಬಾರಿ ರೂಪ ಬದಲಿಸಿ, 2016ರಿಂದ ‘ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್’ ಆಗಿದೆ. ಆ್ಯಪ್ ಹಾಕಿಕೊಂಡ ಪ್ರತಿ ಫೋನಿಗೂ ಒಂದು ಟೋಕನ್ ಸಿಗುತ್ತದೆ. ಸರ್ವರಿಗೆ ಗೊತ್ತಿರುವ ವಿಳಾಸ ಅದೊಂದೇ.

ಆಪಲ್‌ನ ಮೊದಲ ಏರ್ಪಾಡಿನಲ್ಲಿ ಸಂದೇಶ ಸರಿಯಾಗಿ ಹೋದರೆ ಉತ್ತರವೇ ಬರುತ್ತಿರಲಿಲ್ಲ. ಒಂದು ಟೋಕನ್ ತಪ್ಪಿದ್ದರೆ ಸಂಪರ್ಕ ಕಡಿದುಹೋಗಿ, ಅದರ ಹಿಂದೆ ಸಾಲಾಗಿ ಕಳಿಸಿದ ಸಂದೇಶಗಳೂ ಬಿದ್ದುಹೋಗುತ್ತಿದ್ದವು. ಸತ್ತ ಟೋಕನ್‌ಗಳ ಪಟ್ಟಿಗೆ ‘ಫೀಡ್‌ಬ್ಯಾಕ್ ಸರ್ವಿಸ್’ ಎಂಬ ಬೇರೆ ಬಾಗಿಲು ಇತ್ತು: ರವಾನೆಗೆ 2195ನೇ ಪೋರ್ಟ್, ಪಟ್ಟಿಗೆ 2196. ಒಮ್ಮೆ ಓದಿದ ಕೂಡಲೇ ಆ ಪಟ್ಟಿ ಅಳಿಸಿಹೋಗುತ್ತಿತ್ತು. ಓದಿದ ಪ್ರೋಗ್ರಾಂ ಅದನ್ನು ಉಳಿಸಿಕೊಳ್ಳುವ ಮೊದಲೇ ನಿಂತರೆ ಆ ಮಾಹಿತಿ ಮತ್ತೆ ಸಿಗುತ್ತಿರಲಿಲ್ಲ. 2015ರ ಕೊನೆಗೆ ಬಂದ ಹೊಸ ಏರ್ಪಾಡು ಪ್ರತಿ ಸಂದೇಶಕ್ಕೂ ಅಲ್ಲೇ ಉತ್ತರ ಕೊಡುತ್ತದೆ. ಹಳೆಯದು 2021ರ ಮಾರ್ಚ್ 31ಕ್ಕೆ ಮುಚ್ಚಿತು. ಇದು ನಿಜವಾದ ಸುಧಾರಣೆ. ದೋಷ ಹುಡುಕುವವರಿಗೆ ಮೊದಲ ಬಾರಿಗೆ ಹಿಡಿಯಲು ಒಂದು ತುದಿ ಸಿಕ್ಕಿತು.

ಆದರೆ ಬಂದ ಉತ್ತರವನ್ನು ಓದುವುದರಲ್ಲೇ ಹಲವರು ಎಡವುತ್ತಾರೆ. ಗೂಗಲ್‌ನಿಂದ 404, ಆಪಲ್‌ನಿಂದ 410 ಎಂಬ ಉತ್ತರಸಂಖ್ಯೆ ಬಂದರೆ ಆ ಟೋಕನ್ ಸತ್ತಿದೆ ಎಂದು ಅರ್ಥ, ತೆಗೆದುಹಾಕಬೇಕು. ಆಪಲ್‌ನ 410 ಜೊತೆಗೆ ಒಂದು ಸಮಯವೂ ಬರುತ್ತದೆ. ಅದರ ನಂತರ ಅದೇ ಫೋನ್ ಮತ್ತೆ ನೋಂದಣಿಯಾಗಿದ್ದರೆ ತೆಗೆಯಬಾರದು. 400 ಬಂದರೆ ತಪ್ಪು ಟೋಕನ್ನಿನದೇ ಇರಬೇಕೆಂದಿಲ್ಲ, ಸಂದೇಶದ ಬರವಣಿಗೆಯದೂ ಇರಬಹುದು. ಪರೀಕ್ಷೆಯ ಐಫೋನ್ ಟೋಕನ್‌ಗಳನ್ನು ಅಸಲಿ ಸರ್ವರಿಗೆ ಕೊಟ್ಟರೂ ‘ಕೆಟ್ಟ ಟೋಕನ್’ ಎಂಬ 400 ಬರುತ್ತದೆ. 400 ಕಂಡಲ್ಲೆಲ್ಲ ಟೋಕನ್ ಅಳಿಸುವ ಪ್ರೋಗ್ರಾಂ, ಒಂದು ಅಲ್ಪವಿರಾಮ ತಪ್ಪಿದ ದಿನ ಇಡೀ ಜಿಲ್ಲೆಯ ವಿಳಾಸಗಳನ್ನು ಅಳಿಸಿಬಿಡಬಹುದು. 429 ಮತ್ತು 503 ಬಂದಾಗ ಮಾತ್ರ ತುಸು ತಡೆದು, ತಡೆಯನ್ನು ಹಿಗ್ಗಿಸುತ್ತ ಮತ್ತೆ ಕಳಿಸಬೇಕು. ಗೂಗಲ್ ಒಂದು ಯೋಜನೆಗೆ ಸಾಮಾನ್ಯವಾಗಿ ನಿಮಿಷಕ್ಕೆ 6 ಲಕ್ಷ ಸಂದೇಶಗಳ ಮಿತಿ ಇಟ್ಟಿದೆ. ರಾಜ್ಯಕ್ಕೆಲ್ಲ ಒಮ್ಮೆಗೇ ಕಳಿಸುವವರು ಈ ಗಡಿಯನ್ನು ಮುಟ್ಟಬಹುದು.

ಇನ್ನು 200. ರವಾನೆ ಸೇವೆ ಸಂದೇಶವನ್ನು ಒಪ್ಪಿಕೊಂಡಿತು ಎಂದಷ್ಟೇ ಇದರ ಅರ್ಥ. ಫೋನಿಗೆ ಬಂತು, ಸದ್ದಾಯಿತು, ಯಾರೋ ನೋಡಿದರು ಎಂಬ ಯಾವ ಮಾತೂ ಅದರಲ್ಲಿಲ್ಲ. ಆದರೂ ವರದಿಗಳಲ್ಲಿ ಈ 200ಗಳನ್ನೇ ಕೂಡಿಸಿ ‘ಇಷ್ಟು ಜನರಿಗೆ ತಲುಪಿಸಲಾಗಿದೆ’ ಎಂದು ಬರೆಯುವ ರೂಢಿಯಿದೆ. ಈ ಪದ್ಧತಿಯ ಅತಿ ದೊಡ್ಡ ದೋಷ ಇದೇ.

ಎರಡನೆಯ ದೋಷ ಸಮಯದ್ದು. ಗೂಗಲ್ ಸೇವೆಗೆ ಗಡುವು ಹೇಳದಿದ್ದರೆ ಸಂದೇಶವನ್ನು 4 ವಾರ ಕಾದಿಡುತ್ತದೆ. ಬಾಕಿ ಉಳಿದ ವಿದ್ಯುತ್ ಬಿಲ್ಲಿನ ನೆನಪಿಗೆ ಇದು ಸರಿಹೋದೀತು. ಸಿಡಿಲಿನ ಎಚ್ಚರಿಕೆಗೆ ಸಲ್ಲದು. ಹೊಲದಲ್ಲಿ ಡೇಟಾ ಬಂದ್ ಮಾಡಿಕೊಂಡವರು ರಾತ್ರಿ ಮನೆಯಲ್ಲಿ ಆನ್ ಮಾಡಿದಾಗ, ತಾರೆ ಬೆಳಗುವ ಆಕಾಶದ ಕೆಳಗೆ ಕೆಂಪು ಎಚ್ಚರಿಕೆ ಬಂದರೆ ಮುಂದಿನ ನಿಜವಾದ ಎಚ್ಚರಿಕೆಯನ್ನು ಅವರು ನಂಬುವುದಿಲ್ಲ. ಆದ್ದರಿಂದ ಸಿಡಿಲಿನ ಸಂದೇಶಕ್ಕೆ ಅರ್ಧ ಗಂಟೆಯ ಗಡುವು ಸಾಕು. ಭೀಮಾ ನದಿಯ ನೆರೆಯ ಸಂದೇಶಕ್ಕೆ ಹಲವು ಗಂಟೆ ಇರಲಿ: ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ದಾಟಿ ಜೇವರ್ಗಿ ಕಡೆಗೆ ಬರಲು ಹೊತ್ತು ಹಿಡಿಯುತ್ತದೆ. 2020ರ ಅಕ್ಟೋಬರ್ ನೆರೆಯಲ್ಲಿ ನದಿ ದಂಡೆಯ ಊರುಗಳು ಮುಳುಗಿದ್ದನ್ನು ಈ ಭಾಗ ಮರೆತಿಲ್ಲ. ಒಂದೇ ವಿಷಯದ ಹೊಸ ಸಂದೇಶ ಹಳೆಯದರ ಜಾಗದಲ್ಲಿ ಕೂರುವಂತೆ ಮಾಡುವ ಸೌಲಭ್ಯ ಎರಡೂ ಸೇವೆಗಳಲ್ಲಿದೆ. ಬಳಸಿದರೆ ಫೋನಿನಲ್ಲಿ ಉಳಿಯುವುದು ಕೊನೆಯ ಸ್ಥಿತಿ ಮಾತ್ರ.

ಸೇವೆ ಸರಿಯಾಗಿದ್ದೂ ಫೋನ್ ಮೌನವಾಗಿರಲು ಹಲವು ಕಾರಣಗಳಿವೆ, ಮತ್ತು ಸರ್ವರಿಗೆ ಅವು ಯಾವುವೂ ಕಾಣುವುದಿಲ್ಲ. 2015ರ ಆಂಡ್ರಾಯ್ಡ್ 6ರಿಂದ ಸುಮ್ಮನೆ ಇಟ್ಟ ಫೋನ್ ‘ಡೋಜ್’ ಎಂಬ ನಿದ್ದೆಗೆ ಜಾರುತ್ತದೆ. ಹೆಚ್ಚಿನ ಆದ್ಯತೆ ಎಂದು ಗುರುತಿಸಿದ ಸಂದೇಶಕ್ಕಷ್ಟೇ ಅದು ತಕ್ಷಣ ಏಳುತ್ತದೆ. ಕೆಲವು ಅಗ್ಗದ ಫೋನ್‌ಗಳ ಬ್ಯಾಟರಿ ಉಳಿಸುವ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ್ಯಪನ್ನೇ ನಿಲ್ಲಿಸಿಬಿಡುತ್ತದೆ. ಪೂರಾ ನಿಲ್ಲಿಸಿದ ಆ್ಯಪನ್ನು ಮತ್ತೆ ತೆರೆಯುವವರೆಗೆ ಏನೂ ಬಾರದು. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ನಿಗೆ ಬಳಕೆದಾರರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡದ ಫೋನಿಗೆ ಕಳಿಸಿದರೂ ಗೂಗಲ್ ಹೇಳುವುದು 200 ಎಂದೇ.

ಇವುಗಳಲ್ಲಿ ಹುಡುಕಲು ಅತ್ಯಂತ ಕಷ್ಟವಾದದ್ದು ಚಾನೆಲ್‌ನ ತೊಡಕು. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ ಒಂದು ಚಾನೆಲ್‌ಗೆ ಸೇರಿರುತ್ತದೆ. ಚಾನೆಲ್ ಒಮ್ಮೆ ಹುಟ್ಟಿದ ಮೇಲೆ ಅದರ ಮಹತ್ವವನ್ನು ಆ್ಯಪ್ ಏರಿಸಲಾರದು. ಏರಿಸುವ ಹಕ್ಕು ಬಳಕೆದಾರರದು. ಮೊದಲ ಆವೃತ್ತಿಯಲ್ಲಿ ಸದ್ದಿಲ್ಲದ ಚಾನೆಲ್ ಮಾಡಿದ್ದರೆ, ಸರ್ವರಿನಲ್ಲಿ ಎಷ್ಟೇ ತಿದ್ದಿದರೂ ಹಳೆಯ ಫೋನ್‌ಗಳಲ್ಲಿ ಸಿಡಿಲಿನ ಎಚ್ಚರಿಕೆ ಸದ್ದಿಲ್ಲದೆ ಬಂದು ಕೂರುತ್ತದೆ. ಹೊಸ ಹೆಸರಿನ ಚಾನೆಲ್ ಮಾಡುವುದೊಂದೇ ದಾರಿ. ಅಭಿವೃದ್ಧಿಪಡಿಸುವವರ ಮೇಜಿನ ಮೇಲಿನ ಹೊಸ ಫೋನಿನಲ್ಲಿ ಮಾತ್ರ ಎಲ್ಲ ಸರಿಯಾಗಿ ಕೇಳಿಸುವುದರಿಂದ ಈ ದೋಷ ತಿಂಗಳುಗಟ್ಟಲೆ ಅಡಗಿರಬಲ್ಲದು.

ಕನ್ನಡದ್ದೇ ಒಂದು ತೊಡಕೂ ಇದೆ. ಸಂದೇಶದ ಒಟ್ಟು ಗಾತ್ರ 4,096 ಬೈಟ್ ಮೀರಬಾರದು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್. ಕಾಗುಣಿತದ ಗುರುತಿಗೂ ಅಷ್ಟೇ. ‘ಸಿಡಿಲು’ ಎಂಬ ಮೂರಕ್ಷರಕ್ಕೆ 18 ಬೈಟ್ ಬೇಕು. ಆಪಲ್‌ನ ಮೊದಲ ಮಿತಿ 256 ಬೈಟ್ ಇದ್ದಾಗ ಕನ್ನಡಕ್ಕೆ ದಕ್ಕುತ್ತಿದ್ದುದು ಒಂದೆರಡು ಸಾಲು. ಈಗಿನ ಮಿತಿ ಸಾಕು, ಆದರೆ ಸುರಕ್ಷತಾ ಸೂಚನೆಗಳನ್ನೆಲ್ಲ ಎರಡು ಭಾಷೆಯಲ್ಲಿ ತುರುಕಿದರೆ ದಾಟಿಹೋಗಬಹುದು. ಇಂಗ್ಲಿಷ್ ಸಂದೇಶ ಹೋಗಿ ಕನ್ನಡದ್ದು ಬೀಳುತ್ತಿದ್ದರೆ ಮೊದಲು ಎಣಿಸಬೇಕಾದದ್ದು ಬೈಟ್‌ಗಳನ್ನು.

ಈ ಎಲ್ಲ ಕುರುಡಿಗೆ ಮದ್ದು ಫೋನಿನಿಂದಲೇ ಮರು ಉತ್ತರ ಪಡೆಯುವುದು. ಗೂಗಲ್ ಕೊಡುವ ತಲುಪಿದ ಲೆಕ್ಕ ತಡವಾಗಿ, ಒಟ್ಟು ಮೊತ್ತವಾಗಿ ಬರುತ್ತದೆ. ಮಳೆಯ ಹೊತ್ತಿಗೆ ಅದು ಉಪಯೋಗಕ್ಕೆ ಬಾರದು. ಪ್ರತಿ ಎಚ್ಚರಿಕೆಗೂ ಒಂದು ಸಂಖ್ಯೆ ಕೊಟ್ಟು, ಆ್ಯಪ್ ಅದನ್ನು ಪಡೆದಾಗ, ತೋರಿಸಿದಾಗ, ಬಳಕೆದಾರರು ತೆರೆದಾಗ ಹೀಗೆ ಮೂರು ಸಲ ಸರ್ವರಿಗೆ ತಿಳಿಸಬೇಕು. ಇದಕ್ಕೆ ಡೇಟಾ ಮಾದರಿಯ ಸಂದೇಶವೇ ಬೇಕು. ಸಿದ್ಧ ನೋಟಿಫಿಕೇಶನ್ ಮಾದರಿಯಲ್ಲಿ ಹಿನ್ನೆಲೆಯಲ್ಲಿರುವ ಆ್ಯಪಿಗೆ ಎಚ್ಚರವಾಗದೆ ಆಂಡ್ರಾಯ್ಡೇ ಸಂದೇಶವನ್ನು ತೋರಿಸಿಬಿಡುತ್ತದೆ. ಸಾವಿರಾರು ಫೋನ್‌ಗಳು ಒಂದೇ ಕ್ಷಣ ಉತ್ತರಿಸಿ ಸರ್ವರ್ ಕುಸಿಯದಂತೆ ಉತ್ತರಗಳನ್ನು ಕೆಲವು ಸೆಕೆಂಡುಗಳಲ್ಲಿ ಚದುರಿಸಬೇಕು. ಫೋನಿನ ನಿಖರ ಜಾಗವನ್ನು ಕೂಡಿಡುವ ಅಗತ್ಯವಿಲ್ಲ. ಗ್ರಾಮ ಪಂಚಾಯಿತಿಯ ಹೆಸರು ಸಾಕು.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳಲ್ಲಿ ಜೋರು ಸದ್ದಿನೊಂದಿಗೆ ಪರೀಕ್ಷಿಸಿದ ಸೆಲ್ ಬ್ರಾಡ್‌ಕಾಸ್ಟ್ ಬೇರೆ ದಾರಿಯದು. ಅದಕ್ಕೆ ಟೋಕನ್ ಬೇಡ, ಆ್ಯಪ್ ಬೇಡ, ಡೇಟಾ ಬೇಡ. ಟವರಿನ ವ್ಯಾಪ್ತಿಯಲ್ಲಿರುವ, ಆ ಸೌಲಭ್ಯವುಳ್ಳ ಫೋನ್‌ಗಳೆಲ್ಲ ಕೂಗುತ್ತವೆ. ಹೊಲದಲ್ಲಿ ಡೇಟಾ ಬಂದ್ ಮಾಡಿಕೊಂಡವರಿಗೆ ಇದೇ ಮೇಲು. ಆದರೆ ಅದು ಮರು ಉತ್ತರವನ್ನು ತರುವುದೇ ಇಲ್ಲ. ಎರಡನ್ನೂ ಒಟ್ಟಿಗೆ ನಡೆಸಿದರೆ ಮಾತ್ರ ಲೆಕ್ಕ ಸಿಗುತ್ತದೆ: ಬ್ರಾಡ್‌ಕಾಸ್ಟ್ ಹರಡಲಿ, ಆ್ಯಪ್ ಅಳೆಯಲಿ. ಹತ್ತು ನಿಮಿಷದೊಳಗೆ ಒಂದು ಫೋನಿನಿಂದಲೂ ಉತ್ತರ ಬಾರದ ಪಂಚಾಯಿತಿಗಳ ಪಟ್ಟಿ ತಾನಾಗಿ ತಾಲ್ಲೂಕು ಕಚೇರಿಗೆ ಹೋಗಬೇಕು. ಅಲ್ಲಿಂದ ಪಿಡಿಒ, ಗ್ರಾಮ ಆಡಳಿತಾಧಿಕಾರಿಗೆ ಕರೆ, ಊರಿನ ಧ್ವನಿವರ್ಧಕದಲ್ಲಿ ಘೋಷಣೆ, ನೆರೆಯಾದರೆ ಡಂಗುರ. ಟೋಕನ್‌ಗಳ ಪಟ್ಟಿಯೂ ಪ್ರತಿ ಮಳೆಗಾಲದ ಮುನ್ನ ಒಂದು ಪರೀಕ್ಷಾ ಸಂದೇಶದಿಂದ ತಾಜಾ ಆಗಬೇಕು. ಗೂಗಲ್ ಸೇವೆಯಲ್ಲಿ 270 ದಿನ ಸುಮ್ಮನಿದ್ದ ಟೋಕನ್ ತಾನೇ ಸಾಯುವುದರಿಂದ, ಕಳೆದ ಮಳೆಗಾಲದ ವಿಳಾಸಗಳನ್ನು ಈ ವರ್ಷಕ್ಕೆ ನೆಚ್ಚಿ ಕೂರುವಂತಿಲ್ಲ.