ತೊಂಬತ್ತೊಂಬತ್ತರ ಮಹಿಮೆ

ಗೊರಗುಂಟೆಪಾಳ್ಯದಿಂದ ಪೀಣ್ಯದವರೆಗೆ ಡಿಟಿಪಿ, ಟ್ಯಾಲಿ ಬಲ್ಲವರನ್ನು ಕಂಪ್ಯೂಟರಿನ ಕರೆಂಟ್ ಉಳಿಸುವುದು ಹೇಗೆಂದು ಕೇಳಿದರೆ ಸಿಗುವ ಮಂತ್ರ ಒಂದೇ: ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100ರಿಂದ 99ಕ್ಕೆ ಇಳಿಸಿ. ಈ 99ಕ್ಕೆ ಸಿಕ್ಕ ಮರ್ಯಾದೆ ಅತಿಯಾಯಿತು.

ಮಂತ್ರ ಪೂರಾ ಸುಳ್ಳೇನಲ್ಲ. ಒಂದಂಕಿ ಇಳಿಸಿದರೆ ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಟರ್ಬೊ ಬೂಸ್ಟೇ ನಿಂತುಹೋಗುತ್ತದೆ. ಟರ್ಬೊ ಓಡಲು ವೋಲ್ಟೇಜ್ ಏರಬೇಕು. ಚಿಪ್ ನುಂಗುವ ವಿದ್ಯುತ್ತು ವೇಗ ಏರಿದಷ್ಟೇ ಏರಿದರೆ, ವೋಲ್ಟೇಜಿಗೆ ಅದರ ವರ್ಗದಷ್ಟು ಏರುತ್ತದೆ. ಹಾಗಾಗಿ ವಿಡಿಯೊ ರೆಂಡರ್ ಮಾಡುವವರಿಗೆ ಬಿಸಿಯೂ ಫ್ಯಾನಿನ ಗದ್ದಲವೂ ತಗ್ಗುವುದು ನಿಜ. ಆದರೆ ಮದುವೆ ಪತ್ರಿಕೆ ಟೈಪಿಸುವ, ಜಿಎಸ್‌ಟಿ ಬಿಲ್ ಹಾಕುವ ಯಂತ್ರದ ಪ್ರೊಸೆಸರ್ ಬಹುಪಾಲು ಹೊತ್ತು ಮುಂದಿನ ಕೀಲಿಗಾಗಿ ಕಾದು ಕೂತಿರುತ್ತದೆ. ಕಾಯುವಾಗ ತಾನಾಗಿಯೇ ವೇಗ, ವೋಲ್ಟೇಜ್ ಎರಡನ್ನೂ ಇಳಿಸಿಕೊಳ್ಳುತ್ತದೆ. ಅಲ್ಲಿ 99 ಆದರೇನು, 100 ಆದರೇನು?

ಸೋರಿಕೆ ಇರುವುದು ರಾತ್ರಿಯಲ್ಲಿ. ಮಾನಿಟರ್ ಮಾತ್ರ ಆರಿಸಿ ಹೊರಟರೆ, ಸುಮ್ಮನಿದ್ದೂ 60 ವಾಟ್ ಎಳೆಯುವ ಡೆಸ್ಕ್‌ಟಾಪ್ 12 ಗಂಟೆಯಲ್ಲಿ ಹತ್ತಿರಹತ್ತಿರ ಮುಕ್ಕಾಲು ಯೂನಿಟ್ ತಿನ್ನುತ್ತದೆ; ತಿಂಗಳಿಗೆ 21 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ: ಮಿತಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಗಡಿ ಮೀಟರಿಗಂತೂ ಆ ಯೋಜನೆಯೇ ಇಲ್ಲ.

ಹೊಗಳಿಕೆ ಸಲ್ಲಬೇಕಾದದ್ದು ಹೈಬರ್ನೇಟ್‌ಗೆ. ಸ್ಲೀಪ್‌ನಲ್ಲಿ ರ‍್ಯಾಮ್‌ಗೆ ಕರೆಂಟ್ ಬೇಕೇ ಬೇಕು. ಹೈಬರ್ನೇಟ್ ಎಲ್ಲವನ್ನೂ ಡಿಸ್ಕಿಗೆ ಬರೆದು ಯಂತ್ರವನ್ನೇ ಆರಿಸುತ್ತದೆ. ಬೆಸ್ಕಾಂನವರು ರಾತ್ರಿಯೆಲ್ಲ ಲೈನ್ ತೆಗೆದರೂ ತೆರೆದ ಫೈಲು ತೆರೆದಂತೆಯೇ ಸಿಗುತ್ತದೆ. ಇಂಥದ್ದನ್ನು ವಿಂಡೋಸ್ 10, 11ರ ಪವರ್ ಮೆನುವಿನಿಂದ ಮರೆಮಾಡಿದ್ದು ಮೈಕ್ರೋಸಾಫ್ಟಿನ ತಪ್ಪು.

ಇಲ್ಲಿ ಯೂಟ್ಯೂಬ್ ಪಂಡಿತರು ಅಡ್ಡ ಬರುತ್ತಾರೆ: ದಿನಾ ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ ಸವೆದುಹೋಗುತ್ತದಂತೆ! ಲೆಕ್ಕ ಹಾಕಿದವರು ಹೀಗೆ ಹೆದರಿಸುವುದಿಲ್ಲ. ದಿನಕ್ಕೆ 6 ಜಿಬಿ ಬರೆದರೂ ವರ್ಷಕ್ಕೆ ಸುಮಾರು 2.2 ಟಿಬಿ. 300 ಟಿಬಿ ಬರೆಯಲು ಖಾತರಿ ಕೊಟ್ಟ 500 ಜಿಬಿ ಡ್ರೈವ್‌ಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ಅಷ್ಟು ಬರೆದು ಮುಗಿಸಲು ನೂರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಕ್ಯಾಬಿನೆಟ್ಟೇ ತುಕ್ಕು ಹಿಡಿದು ಗುಜರಿ ಸೇರಿರುತ್ತದೆ. 'ಆಫ್-ಆನ್ ಮಾಡಿದರೇ ಹೆಚ್ಚು ಕರೆಂಟ್' ಎನ್ನುವವರ ಜೊತೆ ವಾದವೇ ಬೇಡ, ಪ್ಲಗ್ಗಿನ ಮಧ್ಯೆ ಒಂದು ವಾಟ್‌ಮೀಟರ್ ಸಿಕ್ಕಿಸಿ ತೋರಿಸಿ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಪುಟ ತೆರೆದು ಹೈಬರ್ನೇಟ್‌ಗೆ ಟಿಕ್ ಹಾಕಿ. 99 ಇದ್ದರೆ ಇರಲಿ ಬಿಡಿ.